ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕುಂಪಣಿ ಕಾಲದ ಕಾಗದ: ‘ಶಿಸ್ತು, ಶಾಮಿಲು, ಬೆರೀಜು’ ಅಂದರೆ ಏನು?

ಬಂಟ್ವಾಳದ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ನಮ್ಮ ಹಳೆ ಮನೆ ಬಂಟ್ವಾಳದಿಂದ ಸ್ವಲ್ಪ ಒಳಗೆ, ನೇತ್ರಾವತಿ ಬದಿಯಲ್ಲಿದೆ. ಈ ಸಲದ ಮಳೆಗೆ ಅಟ್ಟದ ಒಂದು ಮೂಲೆ ಸೋರಿತು. ಹೆಂಚು ಸರಿ ಮಾಡಲು ಹತ್ತಿದಾಗ ಅಜ್ಜನ ಮರದ ಪೆಟ್ಟಿಗೆಯನ್ನು ಕೆಳಗಿಳಿಸಿದೆವು. ಒಳಗೆ ಗೆದ್ದಲು ತಿಂದು ಬಿಟ್ಟ ಎಂಟ್ಹತ್ತು ಕಾಗದ. ಒಂದು ಮಾತ್ರ ಪೂರ್ತಿ ಉಳಿದಿದೆ. ದಪ್ಪ ಕಾಗದ, ಮೇಲ್ಗಡೆ ಉಬ್ಬಿದ ಮುದ್ರೆ, ಕೆಳಗೆ ಒಂದಕ್ಕೊಂದು ಅಂಟಿಕೊಂಡ ಹಳೆ ಕನ್ನಡ ಅಕ್ಷರ. ನನಗೆ ಓದಲು ಬಂದದ್ದು ಇಷ್ಟು: “ವಿಕೃತಿ ಸಂವತ್ಸರದ ಪುಷ್ಯ”, “ಕುಂಪಣಿ ಸರಕಾರದ”, “ಶಿಸ್ತು ಶಾಮಿಲು ಸಹ ಬೆರೀಜು”, ಆಮೇಲೆ ಎರಡು ಕಡೆ “ಕಿಸ್ತು”.

ಇದು ತೆರಿಗೆ ಕಟ್ಟಿದ ರಸೀದಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಶಿಸ್ತು ಅಂದರೆ ನನಗೆ ಗೊತ್ತಿರುವುದು ಶಾಲೆಯ ಶಿಸ್ತು ಮಾತ್ರ. ಆಗಿನ ತೆರಿಗೆ ಹೇಗೆ ನಡೆಯುತ್ತಿತ್ತು? ಯಾರು ಯಾರಿಗೆ ಕಟ್ಟುತ್ತಿದ್ದರು? ಗೊತ್ತಿದ್ದವರು ಸ್ವಲ್ಪ ಹೇಳಿ.

ಕಡತಪ್ರೇಮಿ
ಒಳ್ಳೆ ಕಾಗದ ಸಿಕ್ಕಿದೆ ನಿಮಗೆ. ಮೊದಲು ಶಬ್ದಗಳನ್ನು ನೋಡೋಣ.

ಕರಾವಳಿಯ ಭೂಮಿ ತೆರಿಗೆ ಒಂದೇ ದಿನ ಹುಟ್ಟಿದ್ದಲ್ಲ. ಪದರ ಪದರವಾಗಿ ಬೆಳೆದದ್ದು, ನೀರುದೋಸೆ ಮೇಲೆ ನೀರುದೋಸೆ ಹಾಕಿದ ಹಾಗೆ. ತಳದಲ್ಲಿ ವಿಜಯನಗರ ಕಾಲದ ‘ರೇಖೆ’. ಅದರ ಮೇಲೆ ಕೆಳದಿ-ಬಿದನೂರಿನ ನಾಯಕರು ಸೇರಿಸಿದರು. ಅಲ್ಲಿಗೆ ಆದ ಮೊತ್ತಕ್ಕೆ ‘ಶಿಸ್ತು’ ಅಂತ ಹೆಸರು. ಘಟ್ಟದ ಮೇಲಿನವರಿಗೆ ‘ಶಿವಪ್ಪನಾಯಕನ ಶಿಸ್ತು’ ಅಂದರೆ ತಕ್ಷಣ ಗೊತ್ತಾಗುತ್ತದೆ. 1763ರಲ್ಲಿ ಹೈದರ್ ಬಿದನೂರನ್ನು ತೆಗೆದುಕೊಂಡ. ಅವನ ಕಾಲದಲ್ಲಿ, ಆಮೇಲೆ ಟಿಪ್ಪು ಕಾಲದಲ್ಲಿ, ಮೇಲಿಂದ ಹೇರಿದ್ದೆಲ್ಲ ‘ಶಾಮಿಲು’. ಎರಡನ್ನೂ ಕೂಡಿಸಿದರೆ ಬರುವ ಒಟ್ಟು ಮೊತ್ತ ‘ಬೆರೀಜು’. ಅದನ್ನು ಕಂತಿನಲ್ಲಿ ಕಟ್ಟಬೇಕಿತ್ತು, ಒಂದೊಂದು ಕಂತು ಒಂದೊಂದು ‘ಕಿಸ್ತು’.

ಈಗ ತಾರೀಖು. ವಿಕೃತಿ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಮೊನ್ನೆ ಬಂದದ್ದು 2010ರ ಯುಗಾದಿಗೆ. ಹಿಂದಕ್ಕೆ ಎಣಿಸಿದರೆ 1950, 1890, 1830. ನಿಮ್ಮಲ್ಲಿ “ಕುಂಪಣಿ ಸರಕಾರ” ಅಂತ ಇದೆ, ಅಂದರೆ ಈಸ್ಟ್ ಇಂಡಿಯಾ ಕಂಪನಿ. 1858ಕ್ಕೆ ಕುಂಪಣಿಯ ಕೈಯಿಂದ ರಾಣಿಯ ಕೈಗೆ ಆಡಳಿತ ಹೋಯಿತು. ಹಾಗಾಗಿ 1890 ಆಗುವುದಿಲ್ಲ. ಉಳಿದದ್ದು 1830ರ ವಿಕೃತಿ. ಪುಷ್ಯ ಮಾಸ ಅಂದರೆ 1831ರ ಜನವರಿ ಆಸುಪಾಸು.

ಆ ತಿಂಗಳು ನಿಮ್ಮ ಜಿಲ್ಲೆಯಲ್ಲಿ ಸುಮ್ನೆ ಕಳೆದ ತಿಂಗಳಲ್ಲ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಊಟಕ್ಕೆ ಕರೆಯುತ್ತಿದ್ದಾರೆ.

ಬಂಟ್ವಾಳದ ಮೊಮ್ಮಗ
ಅಯ್ಯೋ, ಸರಿಯಾದ ಕಡೆ ನಿಲ್ಲಿಸಿದಿರಿ ಸರ್. ಊಟ ಬೇಗ ಮುಗಿಸಿ!

ಸುಮ್ನೆ ಓದುವವ
ಒಂದು ಪ್ರಶ್ನೆ. ಕೆಳದಿಯವರೂ ತಗೊಂಡರು, ಹೈದರ್-ಟಿಪ್ಪು ಜಾಸ್ತಿ ಮಾಡಿದರು. ಆಮೇಲೆ ಇಂಗ್ಲಿಷರು ಬಂದು ಅದನ್ನೇ ಮುಂದುವರಿಸಿದರು. ಹಾಗಿದ್ದರೆ ಬ್ರಿಟಿಷರನ್ನು ಮಾತ್ರ ಬೈಯುವುದು ಯಾಕೆ? ಥಾಮಸ್ ಮನ್ರೋ ತೆರಿಗೆ ಇಳಿಸಿದ ಅಂತ ಎಲ್ಲೋ ಓದಿದ ನೆನಪು.

ಕಡತಪ್ರೇಮಿ
ಓದಿದ್ದು ಸರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಡೀ ಕೆನರಾ, ಅಂದರೆ ಈಗಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು, ಕುಂಪಣಿಗೆ ಸೇರಿತು. ಮೊದಲ ಕಲೆಕ್ಟರ್ ಮನ್ರೋ. 1800ರವರೆಗೆ ಮಾತ್ರ ಇದ್ದ. ಇಲ್ಲಿನ ಮಳೆ, ಕಾಡು ಎರಡೂ ಅವನಿಗೆ ಸೇರಲಿಲ್ಲ. ಮೊದಮೊದಲು ಭೂಮಿ ಇದ್ದವರು ಕಚೇರಿಗೆ ಬರಲೇ ಇಲ್ಲ. ಮೊದಲು ತೆರಿಗೆ ಇಳಿಸಿ, ಆಮೇಲೆ ಬರುತ್ತೇವೆ ಅಂದರು. ಅವನು ಶಿಸ್ತನ್ನು ಹಾಗೇ ಇಟ್ಟ, ಶಾಮಿಲಿನಲ್ಲಿ ಒಂದಷ್ಟು ಬಿಟ್ಟ. ಅಷ್ಟು ನಿಜ.

ಅವನಿಗೆ ಇಲ್ಲಿ ಆಶ್ಚರ್ಯ ತಂದ ಸಂಗತಿ ಬೇರೆ. ಕೆನರಾದಲ್ಲಿ ಭೂಮಿ ಖಾಸಗಿ ಸ್ವತ್ತು. ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಹಂಚಬಹುದು. ಭೂಮಿಯೆಲ್ಲ ರಾಜನದ್ದು ಅಂದುಕೊಂಡಿದ್ದವರಿಗೆ ಇದು ಹೊಸದು. ಅಳತೆ ಮಾಡಿಸಲು ಅವನು ಹೋಗಲಿಲ್ಲ. ಶಾನುಭೋಗರ ಹಳೆ ಲೆಕ್ಕವನ್ನೇ ತರಿಸಿ ನೋಡಿದ.

ಆ ಲೆಕ್ಕ ಇದ್ದದ್ದು ಕಡತದಲ್ಲಿ. ಈಗ ಆಫೀಸಿನಲ್ಲಿ ‘ಕಡತ ವಿಲೇವಾರಿ’ ಅನ್ನುತ್ತೇವಲ್ಲ, ಆ ಶಬ್ದದ ಮೂಲ ಇದು. ಉದ್ದ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಕಲಸಿ ಬಳಿದು ಒಣಗಿಸುತ್ತಿದ್ದರು. ಕಪ್ಪು ಹಲಗೆಯ ಹಾಗೆ ಆಗುತ್ತಿತ್ತು. ಬೀಸಣಿಗೆಯಂತೆ ಮಡಚಿ ಇಡುತ್ತಿದ್ದರು. ಬರೆಯುವುದು ಬಳಪದಲ್ಲಿ. ತಪ್ಪಾದರೆ ಒರೆಸಿ ಬರೆಯಬಹುದು. ಒರೆಸಲು ಬರುವ ಪುಸ್ತಕದಲ್ಲಿ ಇಡೀ ಜಿಲ್ಲೆಯ ತೆರಿಗೆ ಲೆಕ್ಕ! ಶಾನುಭೋಗರ ಕೈ ಯಾಕೆ ಅಷ್ಟು ಗಟ್ಟಿಯಾಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಶಾನುಭೋಗರ ಮನೆ ಹುಡುಗಿ
ನಮ್ಮ ಕಡೆಯವರ ಬಗ್ಗೆ ಹುಷಾರಾಗಿ ಮಾತಾಡಿ ಸರ್ 😀 ನಮ್ಮ ಮುತ್ತಜ್ಜ ಒರೆಸಿದ್ದರೋ ಇಲ್ಲವೋ ಗೊತ್ತಿಲ್ಲ. ಆದರೆ ಮನೆಯಲ್ಲಿ ಒಂದು ಮಾತಿತ್ತು: ಕಲೆಕ್ಟರಿಗೆ ನೂರು ಊರು, ಶಾನುಭೋಗನಿಗೆ ಒಂದೇ ಊರು. ದೊರೆ ಎರಡು ವರ್ಷಕ್ಕೆ ಬದಲಾಗುತ್ತಿದ್ದ. ಯಾರ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಯಾರದ್ದು ಒಣಗುತ್ತದೆ ಅನ್ನುವುದು ಶಾನುಭೋಗನಿಗೆ ಮಾತ್ರ ಗೊತ್ತು.

ಕಡತಪ್ರೇಮಿ
ಸುಮ್ನೆ ಓದುವವರ ಪ್ರಶ್ನೆಗೆ ಬರುತ್ತೇನೆ. ಎಷ್ಟು ತೆರಿಗೆ ಅನ್ನುವುದನ್ನು ಮಾತ್ರ ನೋಡಿದರೆ ನಿಮ್ಮ ಮಾತಿನಲ್ಲಿ ಅರ್ಥ ಇದೆ. ಯಾವ ರೂಪದಲ್ಲಿ ಮತ್ತು ಯಾವಾಗ ಅಂತ ನೋಡಿದರೆ ಚಿತ್ರ ಬದಲಾಗುತ್ತದೆ.

1820ರ ದಶಕದ ಕೊನೆಗೆ ಮದ್ರಾಸ್ ಪ್ರಾಂತ್ಯದಲ್ಲಿ ದವಸದ ಬೆಲೆ ಬಿತ್ತು. ಎರಡು-ಮೂರು ದಶಕ ಮೇಲೆ ಏಳಲಿಲ್ಲ. ತೆರಿಗೆ ಇದ್ದದ್ದು ನಗದಿನಲ್ಲಿ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಒಬ್ಬನಿಗೆ ಕಿಸ್ತು ಕಟ್ಟಲು ಮೊದಲು 10 ಮುಡಿ ಅಕ್ಕಿ ಮಾರಿದರೆ ಸಾಕಾಗುತ್ತಿತ್ತು. ಬೆಲೆ ಮೂರರಲ್ಲಿ ಒಂದು ಪಾಲು ಇಳಿದರೆ 15 ಮುಡಿ ಮಾರಬೇಕು. ಕಡತದಲ್ಲಿ ತೆರಿಗೆ ಒಂದು ಕಾಸೂ ಏರಿಲ್ಲ. ಮನೆಯ ಕಣಜದಲ್ಲಿ ಐದು ಮುಡಿ ಕಡಿಮೆ. ಕಲೆಕ್ಟರು ‘ಅದೇ ತೆರಿಗೆ’ ಅನ್ನುತ್ತಾನೆ, ರೈತ ‘ಜಾಸ್ತಿ ಆಯ್ತು’ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇದರ ಜೊತೆಗೆ 1819ರ ಹೊತ್ತಿಗೆ ‘ತರಾವು’ ಅಂತ ಹೊಸ ಲೆಕ್ಕ ಬಂದಿತ್ತು. ಕುಂಪಣಿ ಬಂದಾಗಿನಿಂದ ಒಂದೊಂದು ‘ವರ್ಗ’ದಿಂದ, ಅಂದರೆ ಒಬ್ಬನ ಹೆಸರಿನಲ್ಲಿರುವ ಹಿಡುವಳಿಯಿಂದ, ನಿಜವಾಗಿ ಎಷ್ಟು ವಸೂಲಾಗಿದೆ, ಅದರ ಸರಾಸರಿಯೇ ಇನ್ನು ಮುಂದೆ ತೆರಿಗೆ. ಕೇಳಲು ನ್ಯಾಯವಾಗಿದೆ ಅಲ್ವಾ? ಪ್ರಾಮಾಣಿಕವಾಗಿ ಪೂರ್ತಿ ಕಟ್ಟುತ್ತಾ ಬಂದವನಿಗೆ ಪೂರ್ತಿ ಬಿತ್ತು. ಅಳುತ್ತಾ ಅರ್ಧ ಕಟ್ಟಿದವನಿಗೆ ಅರ್ಧವೇ ಖಾಯಂ ಆಯ್ತು.

ಈಗ 1830ರ ಕೊನೆ, 1831ರ ಆರಂಭ. ಅಂದರೆ ನಿಮ್ಮ ಕಾಗದದ ಪುಷ್ಯ. ಕೆನರಾದಲ್ಲಿ ‘ಕೂಟ’ ಶುರುವಾಗಿತ್ತು. ರೈತರು ಗುಂಪು ಗುಂಪಾಗಿ ಸೇರಿದರು. ಜಮಾಬಂದಿಗೆ (ವರ್ಷದ ತೆರಿಗೆ ಗೊತ್ತು ಮಾಡುವ ಕಲಾಪಕ್ಕೆ) ಹೋಗಲಿಲ್ಲ, ಕಿಸ್ತು ಕಟ್ಟಲಿಲ್ಲ, ಅರ್ಜಿ ಮೇಲೆ ಅರ್ಜಿ ಬರೆದರು. ಮಂಗಳೂರಿನಲ್ಲಿ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಸೇರಿದ್ದರು. ಕತ್ತಿ ಹಿಡಿಯಲಿಲ್ಲ. ಬರುವುದಿಲ್ಲ, ಕೊಡುವುದಿಲ್ಲ, ಅಷ್ಟೇ. ಗಾಂಧಿಗಿಂತ ನೂರು ವರ್ಷ ಮೊದಲು.

ಬಂಟ್ವಾಳದ ಮೊಮ್ಮಗ
ಅಂದರೆ ಊರೆಲ್ಲ ಕಟ್ಟುವುದಿಲ್ಲ ಅಂತ ಕೂತಿದ್ದ ತಿಂಗಳಲ್ಲಿ ನಮ್ಮವರು ಮಾತ್ರ ಹೋಗಿ ಕಟ್ಟಿ ರಸೀದಿ ತಂದರಾ? ಸ್ವಲ್ಪ ನಾಚಿಕೆ ಆಗುತ್ತಿದೆ.

ಬೆಳ್ಳಾರೆಯ ಅಡಿಕೆ ತೋಟ
ನಾಚಿಕೆ ಯಾಕೆ ಮಾರಾಯ್ರೆ. ಕಟ್ಟದೆ ಇದ್ದರೆ ಜಾಗ ಜಪ್ತಿ. ಮಕ್ಕಳು ಮರಿ ಇದ್ದವರು ಎಲ್ಲಿಗೆ ಹೋಗುವುದು?

ನಮ್ಮ ಕಡೆಯ ಕಥೆ ಹೇಳುತ್ತೇನೆ, ಕಡತದವರು ಹೇಳಿದ ‘ನಗದು’ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಅಮರ ಸುಳ್ಯ, ಪುತ್ತೂರಿನ ಕಡೆಯ ಊರುಗಳು ಮೊದಲು ಕೊಡಗಿನ ಅರಸರ ಕೈಯಲ್ಲಿದ್ದವು. ಅರಸರು ತೆರಿಗೆಯನ್ನು ಭತ್ತದಲ್ಲೇ ತೆಗೆದುಕೊಳ್ಳುತ್ತಿದ್ದರು. ಬೆಳೆದದ್ದರಲ್ಲಿ ಅಳೆದು ಕೊಟ್ಟರೆ ಆಯ್ತು. 1834ರಲ್ಲಿ ಚಿಕ್ಕವೀರ ರಾಜೇಂದ್ರನನ್ನು ಇಳಿಸಿ ಕೊಡಗನ್ನು ಕುಂಪಣಿ ತೆಗೆದುಕೊಂಡಿತು. ನಮ್ಮ ಊರುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅವತ್ತಿನಿಂದ ತೆರಿಗೆ ಹಣದಲ್ಲೇ ಕೊಡಬೇಕು.

ನೀವು ಒಮ್ಮೆ ಆ ಕಾಲದ ಬೆಳ್ಳಾರೆಯನ್ನು ಯೋಚಿಸಿ. ಕಾಡಿನ ನಡುವೆ ಊರು. ಭತ್ತ ಇದೆ, ಅಡಿಕೆ ಇದೆ, ಬೆಲ್ಲ ಇದೆ. ನಾಣ್ಯ ಎಲ್ಲಿದೆ? ಘಟ್ಟದ ಕೆಳಗಿನ ಪೇಟೆಯಲ್ಲಿ, ಸಾಹುಕಾರನ ಪೆಟ್ಟಿಗೆಯಲ್ಲಿ. ಕಿಸ್ತಿನ ದಿನ ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ಮಾರಲು ಹೋಗುತ್ತಾರೆ. ಸಾಹುಕಾರ ಹೇಳಿದ್ದೇ ಬೆಲೆ.

ಜೊತೆಗೆ ಉಪ್ಪು, ಹೊಗೆಸೊಪ್ಪು ಎರಡೂ ಕುಂಪಣಿಯ ಸ್ವಂತ ವ್ಯಾಪಾರ. ಬೇರೆ ಯಾರೂ ಮಾರುವ ಹಾಗಿಲ್ಲ. ಎಲೆ ಅಡಿಕೆ ಜಗಿಯುವವನಿಗೆ ಹೊಗೆಸೊಪ್ಪು ದುಬಾರಿ ಆದರೆ ಸಿಟ್ಟು ಬರದೆ ಇರುತ್ತದಾ?

1837ರ ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆಗೆ ನುಗ್ಗಿದರು. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂದೆ ನಿಂತವರು. ಕೊಡಗಿನ ಅರಸುಮನೆಯ ಕಲ್ಯಾಣಸ್ವಾಮಿ ಬಂದಿದ್ದಾನೆ ಅಂತ ಸುದ್ದಿ, ಜನರ ಬಾಯಲ್ಲಿ ಕಲ್ಯಾಣಪ್ಪ. ಮೂರು ವರ್ಷ ಭೂಮಿ ತೆರಿಗೆ ಮಾಫಿ ಅಂತ ಸಾರಿದರು. ಜನ ಸೇರಿದ್ದು ಸುಮ್ನೆ ಅಲ್ಲ. ಏಪ್ರಿಲ್ 5ಕ್ಕೆ ಮಂಗಳೂರೇ ಕೈಗೆ ಬಂತು. ಬಾವುಟಗುಡ್ಡೆಯಲ್ಲಿ ಬಾವುಟ ಹಾರಿತು. 13 ದಿನ ಹಿಡಿದಿಟ್ಟುಕೊಂಡರು. ಆಮೇಲೆ ಹೊರಗಿನಿಂದ ಪಡೆ ಬಂತು, ಗಲ್ಲು, ಗಡೀಪಾರು ಎಲ್ಲ ಆಯ್ತು. 2022ರಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು ಅದೇ ಬಾವುಟಗುಡ್ಡೆಯಲ್ಲಿ ನಿಲ್ಲಿಸಿದ್ದಾರೆ.

ನಮ್ಮ ಅಜ್ಜಿ ಇದನ್ನೆಲ್ಲ ‘ಕಲ್ಯಾಣಪ್ಪನ ಕಾಟುಕಾಯಿ’ ಅನ್ನುತ್ತಿದ್ದರು. ಕಲ್ಯಾಣಪ್ಪನ ಉಪದ್ರ, ಲೂಟಿ ಅನ್ನುವ ಅರ್ಥದಲ್ಲಿ. ಗೆದ್ದವರು ಇಟ್ಟ ಹೆಸರು ಸೋತವರ ಮನೆಯಲ್ಲೇ ನೂರೈವತ್ತು ವರ್ಷ ನಡೆಯಿತು, ನೋಡಿ.

ಶಾನುಭೋಗರ ಮನೆ ಹುಡುಗಿ
ಕೊನೆ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬಾಸ್ಟನ್ ಬದಿಯ ಕನ್ನಡಿಗ
ಇಲ್ಲಿ ನನ್ನದೊಂದು ಅಧಿಕ ಪ್ರಸಂಗ. ನಾನು ಬಾಸ್ಟನ್ನಿನಿಂದ ಒಂದು ಗಂಟೆ ದೂರದಲ್ಲಿದ್ದೇನೆ. ಮಗಳ ಶಾಲೆಯಲ್ಲಿ ವರ್ಷಕ್ಕೊಮ್ಮೆ ‘ಚಹಾ ಸಮುದ್ರಕ್ಕೆ ಎಸೆದ’ ಕಥೆ ತಪ್ಪುವುದಿಲ್ಲ. 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ. ಎಸೆದದ್ದು ಯಾರ ಚಹಾ? ನಿಮ್ಮ ಇದೇ ಕುಂಪಣಿಯದ್ದು. ಮಗಳಿಗೆ ಹೇಳಿದರೆ ನಂಬಲೇ ಇಲ್ಲ.

ತಮಾಷೆ ಏನೆಂದರೆ, ಆ ವರ್ಷದ ಕಾನೂನಿನಿಂದ ಚಹಾ ಅಗ್ಗವೇ ಆಗಿತ್ತು. ಒಂದು ಪೌಂಡಿಗೆ ಮೂರು ಪೆನ್ಸ್ ತೆರಿಗೆ ಮಾತ್ರ ಹಾಗೇ ಉಳಿದಿತ್ತು. ಇವರ ತಕರಾರು ಮೂರು ಪೆನ್ಸಿನ ಮೇಲಲ್ಲ. ನಮ್ಮ ಊರಿನ ಸಭೆಗೆ ನಾವು ತೆರಿಗೆ ಕಟ್ಟುತ್ತೇವೆ, ನಮ್ಮವರು ಒಬ್ಬರೂ ಇಲ್ಲದ ಲಂಡನ್ ಪಾರ್ಲಿಮೆಂಟಿಗೆ ಯಾಕೆ ಕಟ್ಟಬೇಕು ಅಂತ. ಅದಕ್ಕೂ ಮೊದಲು 1765ರಲ್ಲಿ ಸ್ಟಾಂಪ್ ಕಾಯ್ದೆ ತಂದಿದ್ದರು. ಕೋರ್ಟ್ ಕಾಗದ, ಪತ್ರಿಕೆ, ಕೊನೆಗೆ ಇಸ್ಪೀಟ್ ಎಲೆಗೂ ಮುದ್ರೆ. ಗಲಾಟೆ ಜೋರಾಗಿ ಮರುವರ್ಷವೇ ವಾಪಸ್ ತಗೊಂಡರು.

ಇನ್ನೊಂದು ನಂಟು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಐದು ವರ್ಷ ಆದಮೇಲೆ ಗವರ್ನರ್ ಜನರಲ್ ಆಗಿ ನಮ್ಮಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು ಅವನೇ. 1793ರಲ್ಲಿ ಬಂಗಾಳದಲ್ಲಿ ಜಮೀನ್ದಾರರ ತೆರಿಗೆಯನ್ನು ಶಾಶ್ವತ ಮಾಡಿದ. ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಕಟ್ಟದಿದ್ದರೆ ಜಮೀನು ಹರಾಜು. ಅಮೆರಿಕದಲ್ಲಿ ಸೋತದ್ದರಿಂದ ಕಲಿತ ಪಾಠ ಇದೇನಾ ಅಂತ ನನಗೆ ಅನುಮಾನ.

ಮೊಮ್ಮಗ ಅವರೇ, ನಿಮ್ಮ ಕಾಗದದ ಮೇಲೆ ಉಬ್ಬಿದ ಮುದ್ರೆ ಇದೆ ಅಂದಿರಲ್ಲ. ಅದು ಸ್ಟಾಂಪ್ ಪೇಪರ್ ಇರಬಹುದಾ?

ಸುಮ್ನೆ ಓದುವವ
ಅಮೆರಿಕದವರು ಸ್ಟಾಂಪ್ ಪೇಪರನ್ನು ಒಂದೇ ವರ್ಷದಲ್ಲಿ ಓಡಿಸಿದರು. ನಾನು ಹೋದ ವಾರ ಬಾಡಿಗೆ ಕರಾರಿಗೆ ಇ-ಸ್ಟಾಂಪ್ ತಗೊಂಡು ಬಂದೆ. ಸರ್ವರ್ ಡೌನ್ ಅಂತ ಎರಡು ಸಲ ತಿರುಗಿಸಿದರು.

ಧಾರವಾಡ ಫೇಡಾ
ನೋಡ್ರಿ, ಎಲ್ಲಾರೂ ಕರಾವಳಿ ಬಗ್ಗೆನೇ ಹೇಳಾಕತ್ತೀರಿ. ನಮ್ಮ ಕಡೆ ಬೇರೆ ಪದ್ಧತಿ ಇತ್ತು, ಮುಂಬೈ ಪ್ರಾಂತ್ಯದ್ದು. ಗೋಲ್ಡ್‌ಸ್ಮಿಡ್, ವಿಂಗೇಟ್ ಅಂತ ಇಬ್ಬರು ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಕಡೆ ಇಂದಾಪುರದಲ್ಲಿ ಶುರು ಮಾಡಿದರು. ಆಮೇಲೆ ಧಾರವಾಡ, ಬೆಳಗಾವಿ ಕಡೆ ಬಂತು. ಹೊಲ ಹೊಲ ಅಳೆದು, ಕಲ್ಲು ನೆಟ್ಟು, ಮಣ್ಣು ಅಗೆದು ನೋಡಿ ದರ್ಜೆ ಹಾಕುತ್ತಿದ್ದರು. ಪೂರ್ತಿ ಒಳ್ಳೆ ಎರೆ ಭೂಮಿ ಅಂದರೆ 16 ಆಣೆ. ಸುಣ್ಣಕಲ್ಲು ಇದ್ದರೆ ಇಷ್ಟು ಆಣೆ ಕಡಿಮೆ, ಇಳಿಜಾರು ಇದ್ದರೆ ಇಷ್ಟು ಕಡಿಮೆ. ಒಮ್ಮೆ ಗೊತ್ತು ಮಾಡಿದರೆ 30 ವರ್ಷ ಅದೇ ದರ.

ಇದರಲ್ಲಿ ಒಳ್ಳೆಯದೂ ಇತ್ತು. ಬಾವಿ ತೋಡಿದರೆ ನಾಳೆನೇ ತೆರಿಗೆ ಏರುತ್ತದೆ ಅನ್ನುವ ಅಂಜಿಕೆ ಇರಲಿಲ್ಲ. ಆದರೆ ಮಳೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಬರ ಬಿದ್ದಾಗ ಮಾಫಿ ಕೇಳಲು ಸರ್ಕಾರದ ಬಾಗಿಲಿಗೆ ನಿಲ್ಲಬೇಕು. 1876-78ರ ಡೋಗಿ ಬರದಲ್ಲಿ ನಮ್ಮ ಜಿಲ್ಲೆಗಳು ಏನಾದವು ಅಂತ ಹಳೆ ಮಂದಿ ಹಾಡಿನಲ್ಲೇ ಹೇಳುತ್ತಿದ್ದರು.

1852ರಲ್ಲಿ ಇನಾಂ ಕಮಿಷನ್ ಬಂತು. ದೇವರಿಗೆ, ಮಠಕ್ಕೆ, ದೇಸಾಯರಿಗೆ ಬಿಟ್ಟ ಭೂಮಿಗೆ ಕಾಗದ ತೋರಿಸಿ ಅಂದರು. ಮುನ್ನೂರು ವರ್ಷದ ಹಿಂದೆ ಬಾಯಿಮಾತಿನಲ್ಲಿ ಕೊಟ್ಟದ್ದಕ್ಕೆ ಕಾಗದ ಎಲ್ಲಿಂದ ಬರಬೇಕ್ರಿ?

ಒಂದು ಕೆಲಸ ಮಾಡಿ. ನಿಮ್ಮ ಪಹಣಿ ತೆಗೆದು ನೋಡಿ. ‘ಜೂಡಿ’ ಅಂತ ಒಂದು ಕಾಲಂ ಇದೆ. ‘ಖರಾಬು’ ಅಂತ ಇದೆ, ಬೇಸಾಯಕ್ಕೆ ಬಾರದ ಜಾಗ. ಜೂಡಿ ಅಂದರೆ ಇನಾಂ ಭೂಮಿಗೆ ಹಾಕುತ್ತಿದ್ದ ಹಗುರ ತೆರಿಗೆ. ಇನಾಂ ಹೋಗಿ ಎಷ್ಟೋ ವರ್ಷ ಆಯ್ತು, ಕಾಲಂ ಮಾತ್ರ ಉಳಿದಿದೆ.

ಮಂಡ್ಯ ಬೆಲ್ಲ
ಹಳೆ ಮೈಸೂರಿನವರು ಯಾರೂ ಇಲ್ವಾ? ಸರಿ, ನಾನೇ ಹೇಳುತ್ತೇನೆ.

ನಮ್ಮ ಕಡೆ ರಾಜರೇ ಇದ್ದರು. ಆದರೆ 1799ರ ಒಪ್ಪಂದದ ಪ್ರಕಾರ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ, ಕುಂಪಣಿಗೆ ಹೋಗಲೇಬೇಕು. ಮಳೆ ಹೋಗಲಿ, ಬೆಳೆ ಹೋಗಲಿ, ಇದು ಹೋಗಲೇಬೇಕು. ಈ ಒತ್ತಡ ಕೆಳಗೆ ಕೆಳಗೆ ಇಳಿಯಿತು. ಅಮಲ್ದಾರರಿಗೆ ‘ಶರ್ತು’ ಅಂತ ಕಟ್ಟಿಹಾಕಿದರು: ಇಂತಿಷ್ಟು ವಸೂಲು ಮಾಡಿ ಕೊಡಬೇಕು, ಕಡಿಮೆ ಬಿದ್ದರೆ ನಿನ್ನ ಕೈಯಿಂದ. ಅವನು ಯಾರ ಮೇಲೆ ಬೀಳುತ್ತಾನೆ? 1830ರಲ್ಲಿ ನಗರದ, ಅಂದರೆ ಹಳೆ ಬಿದನೂರಿನ ಕಡೆಯ, ರೈತರು ಎದ್ದರು. ಅದೇ ನೆಪದಲ್ಲಿ 1831ರಲ್ಲಿ ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡರು. ನೋಡಿ, ನಿಮ್ಮ ಕೂಟ, ನಮ್ಮ ದಂಗೆ, ಎರಡೂ ಒಂದೇ ವರ್ಷ. ಘಟ್ಟ ಮಾತ್ರ ನಡುವೆ.

ಆಮೇಲೆ ಮಾರ್ಕ್ ಕಬ್ಬನ್ ಬಂದು ಚಿಲ್ಲರೆ ತೆರಿಗೆ ಎಣಿಸಿದ. ತೆಗೆದು ಹಾಕಿದ್ದು ಎಷ್ಟು ಗೊತ್ತಾ? 769! ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ಒಂದು ಊರಿನವರು ತೆರಿಗೆ ಕಟ್ಟುತ್ತಿದ್ದದ್ದು ಯಾಕೆಂದರೆ, ಹಿಂದೆ ಯಾವುದೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಹಿರಿಯರು ಹುಡುಕಿ ಕೊಡಲಿಲ್ಲವಂತೆ. ನಗರದಲ್ಲಿ ಒಂದು ಜಾಗ ಇತ್ತು. ಅಲ್ಲಿ ಕೈ ಪಕ್ಕಕ್ಕೆ ಅಂಟಿಸಿಕೊಳ್ಳದೆ ನಡೆದರೆ ತೆರಿಗೆ. ಕೈ ಬೀಸಿ ನಡೆಯುವುದಕ್ಕೂ ದುಡ್ಡು!

ಸುಮ್ನೆ ಓದುವವ
ಅದೇ ನಾನು ಹೇಳಿದ್ದು. ನಮ್ಮವರ 769 ತೆರಿಗೆ ತೆಗೆದದ್ದು ಬ್ರಿಟಿಷ್ ಅಧಿಕಾರಿ. ಒಪ್ಪಿಕೊಳ್ಳಲು ಕಷ್ಟ ಯಾಕೆ?

ಮಂಡ್ಯ ಬೆಲ್ಲ
ಒಪ್ಪಿಕೊಂಡೇ ಬರೆದದ್ದು ಸ್ವಾಮಿ. 769 ಕಳೆದರು, 24.5 ಲಕ್ಷ ಕಳೆಯಲಿಲ್ಲ. 1881ರಲ್ಲಿ ರಾಜ್ಯ ವಾಪಸ್ ಕೊಡುವಾಗ ಅದನ್ನು 35 ಲಕ್ಷಕ್ಕೆ ಏರಿಸುವ ಕರಾರು ಹಾಕಿದರು. ಮತ್ತೆ 24.5ಕ್ಕೆ ಇಳಿದದ್ದು 1928ರ ಹೊತ್ತಿಗೆ. ಆ ಹಣದ ಬದಲಿಗೆ ನಮಗೆ ಬಂದದ್ದು ನಮ್ಮನ್ನೇ ಕಾಯುವ ದಂಡು.

ನಿರ್ವಾಹಕ
ಟಿಪ್ಪು ಬಗ್ಗೆ ಶುರುವಾಗಿದ್ದ ಏಳು ಕಾಮೆಂಟುಗಳನ್ನು ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೊಡೆದಾಡಿಕೊಳ್ಳಿ. ಇಲ್ಲಿ ತೆರಿಗೆ ಮಾತ್ರ.

ಗೋಕರ್ಣದ ಉಪ್ಪು
ಹೆಸರು ನೋಡಿದರೆ ಗೊತ್ತಾಗುತ್ತದೆ ನಾನು ಏನು ಹೇಳಲು ಬಂದೆ ಅಂತ. ನಮ್ಮ ಪಕ್ಕದ ಸಾಣಿಕಟ್ಟಾದ ಆಗರದಲ್ಲಿ ಈಗಲೂ ಉಪ್ಪು ತೆಗೆಯುತ್ತಾರೆ. ಕೆನರಾದಲ್ಲಿ 1807ರಿಂದ ಉಪ್ಪು ಸರ್ಕಾರದ ಏಕಸ್ವಾಮ್ಯ. ಮಾಡುವವನು ಸರ್ಕಾರಕ್ಕೇ ಕೊಡಬೇಕು, ತಿನ್ನುವವನು ಸರ್ಕಾರ ಹೇಳಿದ ಬೆಲೆಗೆ ಕೊಳ್ಳಬೇಕು. 1882ರಲ್ಲಿ ದೇಶದ ಹೆಚ್ಚಿನ ಕಡೆ ಒಂದೇ ದರ ಮಾಡಿದರು, ಮಣಕ್ಕೆ 2 ರೂಪಾಯಿ. 1888ರಲ್ಲಿ ಎರಡೂವರೆ. ಮಣ ಅಂದರೆ ಸುಮಾರು 37 ಕಿಲೋ.

ಭೂಮಿ ತೆರಿಗೆ ಭೂಮಿ ಇದ್ದವನಿಗೆ. ಉಪ್ಪಿನ ತೆರಿಗೆ ಗಂಜಿ ಕುಡಿಯುವ ಪ್ರತಿಯೊಬ್ಬನಿಗೆ. ಸಾಹುಕಾರ ಬಡವನಿಗಿಂತ ಹತ್ತು ಪಟ್ಟು ಉಪ್ಪು ತಿನ್ನುವುದಿಲ್ಲ, ಅಲ್ವಾ?

ಮೀನುಗಾರರ ಕಷ್ಟ ಇನ್ನೂ ಬೇರೆ. ಮೀನು ಒಣಗಿಸಲು ರಾಶಿ ಉಪ್ಪು ಬೇಕು. ತೆರಿಗೆ ಕೊಟ್ಟ ಉಪ್ಪು ಹಾಕಿದರೆ ಮೀನಿಗಿಂತ ಉಪ್ಪೇ ದುಬಾರಿ. ಅದಕ್ಕೆ ಸರ್ಕಾರ ಕಡಲತೀರದಲ್ಲಿ ಬೇಲಿ ಹಾಕಿದ ಯಾರ್ಡ್ ಮಾಡಿತು. ಮೀನನ್ನು ಅಲ್ಲಿಗೇ ಹೊತ್ತು ತರಬೇಕು. ಅಲ್ಲೇ ತೂಗಿ ಕೊಟ್ಟ ತೆರಿಗೆ ಇಲ್ಲದ ಉಪ್ಪನ್ನು ಅಲ್ಲೇ ಹಾಕಿ, ಅಲ್ಲೇ ಒಣಗಿಸಿ ತಗೊಂಡು ಹೋಗಬೇಕು. ಉಪ್ಪು ಬೇಲಿ ದಾಟುವ ಹಾಗಿಲ್ಲ. ನಮ್ಮ ಅಜ್ಜಿಯ ತಾಯಿ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಉಪ್ಪು ತಂದು ಸಿಕ್ಕಿಬಿದ್ದ ಕಥೆ ಮನೆಯಲ್ಲಿ ಈಗಲೂ ಇದೆ. ಒದ್ದೆ ಸೆರಗಿನಲ್ಲಿ ಉಪ್ಪು ಕರಗಿ ಸಾಕ್ಷಿಯೇ ಇಲ್ಲದೆ ಹೋಯಿತಂತೆ!

1930ರಲ್ಲಿ ದಾಂಡಿ ಆದ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಉಪ್ಪು ಮಾಡಿದರು. ಆಮೇಲೆ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ. ಭೂಮಿ ಹೋಯಿತು, ಪಾತ್ರೆ ಪಗಡಿ ಹರಾಜಾಯಿತು, ಜನ ಬಗ್ಗಲಿಲ್ಲ.

ಬೆಳ್ಳಾರೆಯ ಅಡಿಕೆ ತೋಟ
ಒಂದು ಮಾತು ಎಲ್ಲರೂ ಬಿಟ್ಟಿದ್ದೀರಿ. ಕುಂಪಣಿಯ ಕಡತದಲ್ಲಿ ಇರುವುದು ವರ್ಗದಾರನ ಹೆಸರು. ಗದ್ದೆ ಉತ್ತದ್ದು ಅವನಲ್ಲ. ಅವನ ಕೆಳಗೆ ಮೂಲಗೇಣಿಯವನು, ಇವನ ಗೇಣಿ ಖಾಯಂ. ಅವನ ಕೆಳಗೆ ಚಾಲಗೇಣಿಯವನು, ಇವನನ್ನು ಯಾವತ್ತೂ ಏಳಿಸಬಹುದು. ಎಲ್ಲಕ್ಕಿಂತ ಕೆಳಗೆ ಕೂಲಿ ಆಳು. ಬೆಲೆ ಬಿದ್ದಾಗ ವರ್ಗದಾರ ಕೂಟ ಕಟ್ಟಿದ, ಸರಿ. ಚಾಲಗೇಣಿಯವನು ಯಾರ ವಿರುದ್ಧ ಕೂಟ ಕಟ್ಟಬೇಕಿತ್ತು? ವರ್ಗದಾರನ ವಿರುದ್ಧವೇ. ಅವನ ಅರ್ಜಿ ಯಾವ ಕಡತದಲ್ಲೂ ಇಲ್ಲ. ಅವನ ಹೆಸರು ಪಹಣಿಗೆ ಬಂದದ್ದು 1974ರ ಭೂಸುಧಾರಣೆ ಆದಮೇಲೆ. ನಮ್ಮ ಮನೆಯೂ ಗೇಣಿದಾರರು ನಾವು ಅಂತ ಡಿಕ್ಲರೇಶನ್ ಕೊಟ್ಟು ಉಳಿದ ಮನೆ, ಅದಕ್ಕೆ ಹೇಳಿದೆ.

ಕಡತಪ್ರೇಮಿ
ಅಣ್ಣ, ಈ ಮಾತು ನಾನು ಮೊದಲೇ ಬರೆಯಬೇಕಿತ್ತು.

ವಸೂಲಿ ಹೇಗಿತ್ತು ಅನ್ನುವುದಕ್ಕೆ ಒಂದೇ ವಿಷಯ ಸೇರಿಸುತ್ತೇನೆ. 1855ರಲ್ಲಿ ಮದ್ರಾಸ್ ಸರ್ಕಾರವೇ ಒಂದು ವಿಚಾರಣೆ ಮಾಡಿ ವರದಿ ಹೊರಡಿಸಿತು. ಕಂದಾಯ ವಸೂಲಿಗೆ ಚಿತ್ರಹಿಂಸೆ ನಡೆಯುತ್ತದೆಯೇ ಅಂತ. ನಡೆಯುತ್ತದೆ ಅಂತ ಅವರೇ ಬರೆದರು. ‘ಕಿಟ್ಟಿ’ ಅಂತ ಒಂದು ಸಾಧನ. ಎರಡು ಮರದ ತುಂಡಿನ ನಡುವೆ ಬೆರಳು ಇಟ್ಟು ಅದುಮುವುದು. ಇನ್ನೊಂದರಲ್ಲಿ ಮನುಷ್ಯನನ್ನು ಬಗ್ಗಿಸಿ ಕುತ್ತಿಗೆಗೂ ಕಾಲಿಗೂ ಹಗ್ಗ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು. ಮಾಡುತ್ತಿದ್ದದ್ದು ದೊರೆಗಳಲ್ಲ, ಅವರ ಕೆಳಗಿನ ನಮ್ಮದೇ ಜನ.

ಬಾಸ್ಟನ್ನಿನವರು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ಮುಖ್ಯ. ಮೊಮ್ಮಗನೇ, ಆ ಉಬ್ಬಿದ ಮುದ್ರೆ ಛಾಪಾ ಕಾಗದದ್ದೇ ಆಗಿದ್ದರೆ ನಿಮ್ಮ ಕಾಗದ ರಸೀದಿ ಅಲ್ಲ. ತೆರಿಗೆ ತಗೊಂಡದ್ದಕ್ಕೆ ಸರ್ಕಾರ ತಾನೇ ಛಾಪಾ ಕಾಗದ ಕೊಂಡು ಬರೆದುಕೊಡುವುದಿಲ್ಲ. ಅದರ ಮೇಲೆ ಬರೆಯುವುದು ಕ್ರಯಪತ್ರ, ಕರಾರು, ಸಾಲಪತ್ರ. ಹಳೆ ಅಕ್ಷರ ಬಲ್ಲ ಯಾರಿಂದಾದರೂ ಪೂರ್ತಿ ಓದಿಸಿ.

ಬಂಟ್ವಾಳದ ಮೊಮ್ಮಗ
ಹನ್ನೊಂದು ದಿನ ಆಯ್ತು, ತಡವಾದದ್ದಕ್ಕೆ ಕ್ಷಮಿಸಿ. ಮಂಗಳೂರಿನಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿಗೆ ಹಳೆ ಅಕ್ಷರ ಬರುತ್ತದೆ ಅಂತ ಗೊತ್ತಾಗಿ ತಗೊಂಡು ಹೋದೆ. ಅವರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಬೆರಳಿಟ್ಟು, ಎರಡು ಲೋಟ ಕಾಫಿ ಮುಗಿಯುವ ತನಕ ಓದಿದರು. ಕಡತದವರು ಹೇಳಿದ್ದು ಸರಿ, ಅದು ರಸೀದಿ ಅಲ್ಲ. ಸಾಲಪತ್ರ.

ಕುಂಪಣಿ ಸರಕಾರದ ಬೆರೀಜಿನ ಎರಡನೇ ಕಿಸ್ತಿಗೆ ಕೈಯಲ್ಲಿ ನಗದು ಇಲ್ಲದ ಕಾರಣ ಬಂಟ್ವಾಳ ಪೇಟೆಯ ಸಾಹುಕಾರರಿಂದ 18 ವರಹ ತಗೊಂಡದ್ದು. ಚೈತ್ರದ ಒಳಗೆ ಒಣಗಿದ ಅಡಿಕೆ ಕೊಟ್ಟು ತೀರಿಸುವುದು. ಅಡಿಕೆಯ ಬೆಲೆಯನ್ನು ಪುಷ್ಯದಲ್ಲೇ ಬರೆದುಬಿಟ್ಟಿದ್ದಾರೆ. ಪುಷ್ಯದಲ್ಲಿ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಾ ಇರುತ್ತದೆ, ನಿಮಗೆಲ್ಲ ಗೊತ್ತು. ತಪ್ಪಿದರೆ ಮನೆ ಎದುರಿನ ಬಾಕಿಮಾರು ಗದ್ದೆ ಅವರ ಸ್ವಾಧೀನ.

ನಮ್ಮ ಮನೆ ಎದುರು ಮೂರು ಗದ್ದೆ ಸಾಲಾಗಿವೆ. ಈ ಕಡೆಯದ್ದು ನಮ್ಮದು, ಆ ಕಡೆಯದ್ದು ನಮ್ಮದು. ನಡುವಿನದ್ದು, ಎಲ್ಲಕ್ಕಿಂತ ದೊಡ್ಡದು, ಬೇರೆಯವರದ್ದು. ಚಿಕ್ಕವನಿದ್ದಾಗ ಯಾಕೆ ಹೀಗೆ ಅಂತ ಅಜ್ಜನನ್ನು ಕೇಳಿದ್ದೆ. “ಅದು ಮೊದಲಿಂದ ಹಾಗೇ” ಅಂದಿದ್ದರು.

ಬೆಳ್ಳಾರೆಯ ಅಡಿಕೆ ತೋಟ
ಅಬ್ಬಾ.

ಬಾಸ್ಟನ್ ಬದಿಯ ಕನ್ನಡಿಗ
18 ವರಹ ಅಂದರೆ ಎಷ್ಟಾಯ್ತು ಆಗ?

ಕಡತಪ್ರೇಮಿ
ಕೆನರಾದಲ್ಲಿ ನಡೆಯುತ್ತಿದ್ದ ಬಹಾದ್ದೂರಿ ವರಹ ಆದರೆ ಒಂದಕ್ಕೆ 4 ರೂಪಾಯಿ ಲೆಕ್ಕ, ಒಟ್ಟು 72 ರೂಪಾಯಿ. ಮದ್ರಾಸಿನ ನಕ್ಷತ್ರ ವರಹ ಆದರೆ ಮೂರೂವರೆ ಲೆಕ್ಕ, 63.

ಶಾನುಭೋಗರ ಮನೆ ಹುಡುಗಿ
ಮೊಮ್ಮಗನೇ, ಒಂದು ವಿನಂತಿ. ದಯವಿಟ್ಟು ಅದನ್ನು ಲ್ಯಾಮಿನೇಶನ್ ಮಾಡಿಸಬೇಡಿ. ನಮ್ಮ ಮನೆಯ ಎರಡು ಕಡತಕ್ಕೆ ಚಿಕ್ಕಪ್ಪ ಹಾಗೆ ಮಾಡಿಸಿ, ಬಳಪದ ಅಕ್ಷರವೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿ ಹೋಯಿತು. ಎರಡೂ ಬದಿಯ ಫೋಟೋ ತೆಗೆದು ಇಟ್ಟುಕೊಳ್ಳಿ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಿ. ಅಟ್ಟದಲ್ಲಿ ಮಾತ್ರ ಬೇಡ.

ಬಂಟ್ವಾಳದ ಮೊಮ್ಮಗ
ಇಲ್ಲ ಇಲ್ಲ, ಈಗ ನನ್ನ ಬೀರುವಿನಲ್ಲಿದೆ. ಹೆಂಚಿನ ಕೆಲಸ ಇನ್ನೂ ಮುಗಿದಿಲ್ಲ.